ಮಗ್ಗವನ್ನು ಮಲಗಿಸಿದವಳು

ಟ್ರಂಕಿನ ಮುಚ್ಚಳ ತೆಗೆದರೆ ಈಗಲೂ ಗಂಜಿಯ ವಾಸನೆ. ನೇಯುವವರ ಮನೆಯ ಬಟ್ಟೆಗೆ ಎಷ್ಟು ನೀರು ತೋರಿಸಿದರೂ ಅದು ಹೋಗುವುದಿಲ್ಲ. ಮೊನ್ನೆ ಮೊಮ್ಮಗನಿಗೆ ಹೊದಿಸಲು ಏನಾದರೂ ಹುಡುಕುವಾಗ ತಳದಲ್ಲಿ ಅಂಚು ಹರಿದ ಹಳದಿ ಬಟ್ಟೆಯೊಂದು ಸಿಕ್ಕಿತು. ನೀವು ನೋಡಿದ್ದರೆ ನೆಲ ಒರೆಸಲು ಕೊಡುತ್ತಿದ್ದಿರಿ. ನಮ್ಮ ಮನೆಯಲ್ಲಿ ಅದರ ಗತ್ತೇ ಬೇರೆ.

ತೊಂಬತ್ತರ ದಶಕದಲ್ಲಿ ಸೇಲಂನ ನಮ್ಮ ಬೀದಿಯಲ್ಲಿ ಮನೆಮನೆಗೂ ಗುಂಡಿಮಗ್ಗ. ಅವುಗಳ ಸದ್ದನ್ನು ಮೀರಿ ಜಗಳ ಆಡಿ ಆಡಿ ನಮ್ಮವರ ಗಂಟಲು ಇವತ್ತಿಗೂ ದೊಡ್ಡದು. ಮಗಳು ಮಂಜು ಹುಟ್ಟಿದಾಗ ನಾನು, ಮಗು ಅತ್ತರೂ ಹೆದರುವವನು, ಅಳದಿದ್ದರೂ ಹೆದರುವವನು, ಒಂದು ಉಪಾಯ ಮಾಡಿದೆ. ಸೀರೆಯಲ್ಲಿ ಕಟ್ಟಿದ ಜೋಲಿಯ ಹಗ್ಗವನ್ನು ಮಗ್ಗದ ಹಲಗೆಗೇ ಬಿಗಿದೆ. ನಾನು ಎಳೆ ಬಡಿದಾಗೆಲ್ಲ ಮಗು ತಾನೇ ತೂಗುತ್ತಿತ್ತು. ನೇಯ್ದ ಸೀರೆ ಒಂದು ಕಡೆ ಒತ್ತು, ಇನ್ನೊಂದು ಕಡೆ ಜಾಳು ಬಂದು, ನೂಲು ಕೊಡುವ ಮಾಲೀಕರ ಹತ್ತಿರ ಬೈಸಿಕೊಂಡೆ. ಆದರೂ ನನ್ನ ಬುದ್ಧಿಗೆ ನಾನೇ ಮೆಚ್ಚಿದ್ದೆ.

ಅದರ ಫಲ ಆಮೇಲೆ ಕಂಡಿತು. ಜೋಲಿ ಬಿಟ್ಟು ಚಾಪೆಗೆ ಬಂದ ಮೇಲೂ ಮಂಜುಗೆ ಮಗ್ಗ ನಿಂತರೆ ಎಚ್ಚರ. ಅಮಾವಾಸ್ಯೆಯಂದು ನಾವು ಮಗ್ಗ ಮುಟ್ಟುವುದಿಲ್ಲ. ಬೀದಿಯೆಲ್ಲ ತಣ್ಣಗಿದ್ದರೆ ನಮ್ಮ ಮನೆಯಲ್ಲಿ ಮಾತ್ರ ರಂಪ. ಒಂದು ಅಮಾವಾಸ್ಯೆ ತಡೆಯಲಾರದೆ ಬರೀ ಹಲಗೆಯನ್ನಾದರೂ ಬಡಿಯೋಣವೆಂದು ಗುಂಡಿಗೆ ಇಳಿದೆ. ಅವ್ವ ಅಡುಗೆಮನೆಯಿಂದಲೇ ಗದರಿದಳು:

"ಏ ಮೂದೇವಿ, ಅಮಾಸೇಲಿ ಮಗ್ಗ ತುಳೀತೀಯೇನ್ಲಾ? ಅದ್ಕೂ ಒಂದಿನ ನಿದ್ದೆ ಬ್ಯಾಡ್ವಾ?"

ಮಂಜು ಅಳು ನಿಲ್ಲಿಸಿ ಕೇಳಿದಳು: "ಅಜ್ಜಿ, ಮಗ್ಗಾನೂ ಮಲಗ್ತದಾ?"

ಆಗ ನನ್ನ ಹೆಂಡತಿ ಸರಸು ಎರಡನೆಯ ಬಸುರಿ. ಹೆರಿಗೆಗೆ ಮಂಜುವನ್ನೂ ಕರೆದುಕೊಂಡು ತವರಿಗೆ ಹೋಗಬೇಕು. ಸರಸುವಿನ ಅಪ್ಪ, ಅಂದರೆ ನನ್ನ ಮಾವ, ಅವ್ವನ ತಮ್ಮನೇ, ನೇಯ್ಗೆ ಬಿಟ್ಟು ತೊಪ್ಪೂರು ಘಾಟಿನ ರಸ್ತೆಯಲ್ಲಿ ಟೀ ಅಂಗಡಿ ಇಟ್ಟಿದ್ದ. ಅಲ್ಲಿ ಮಗ್ಗವೆಲ್ಲಿ? ಈ ಹುಡುಗಿ ಮಲಗದಿದ್ದರೆ ಬಾಣಂತಿಯ ಗತಿಯೇನು? ನಮ್ಮ ಮಗ್ಗವನ್ನು ಬಿಚ್ಚಿ ಲಾರಿಗೆ ಹಾಕಿದರೆ ಬಾಡಿಗೆ ಎಷ್ಟಾದೀತೆಂದು ವಿಚಾರಿಸಿಯೂ ಬಂದೆ, ನಗಬೇಡಿ.

ಸರಸು ಮಗಳ ಆ ಪ್ರಶ್ನೆಯನ್ನೇ ಹಿಡಿದುಕೊಂಡಳು. ಸಂಜೆ ಕೈಕಾಲು ತೊಳೆದು ಉಂಡ ಮೇಲೆ ಈ ಹಳದಿ ಬಟ್ಟೆಯನ್ನು ಮಂಜು ಕೈಗೆ ಕೊಡುವಳು. ಮಂಜು ಅದನ್ನು ನೇಯ್ದಷ್ಟು ಸೀರೆಯ ಮೇಲೆ ಹೊದಿಸಿ, "ಮಲಕೋ ಮಗ್ಗಣ್ಣ, ನಾಳೆ ಕೆಲ್ಸ ಐತೆ" ಎಂದು ತಟ್ಟುವಳು. ಆಮೇಲೆ ಸರಸು ಅವಳ ಬೆನ್ನನ್ನು ಮಗ್ಗದ ತಾಳಕ್ಕೇ ತಟ್ಟುವಳು. ದಿನ ಕಳೆದಂತೆ ಆ ತಾಳ ನಿಧಾನವಾಯಿತು, ಬೆನ್ನ ಮೇಲೆ ಬರೀ ಅಂಗೈ ಉಳಿಯಿತು, ಆಮೇಲೆ ಅದೂ ಬೇಡವಾಯಿತು. ನಾನು ಬಾಗಿಲಲ್ಲಿ ಇಣುಕಿ, "ಮಲಗಿದ್ಲಾ?" ಎಂದರೆ ಸರಸು ಗದರುವಳು:

"ನೀವ್ ಕೇಳ್ದೆ ಇದ್ದಿದ್ರೆ ಆಗ್ಲೇ ಮಲಗಿರೋಳು."

ಬಸ್ ಹತ್ತುವ ದಿನ ಬಟ್ಟೆಯನ್ನು ಚೀಲಕ್ಕೆ ತುರುಕಲು ಹೋದೆ. ಮಂಜು ಕಿತ್ತುಕೊಂಡು ವಾಪಸ್ ಕೊಟ್ಟಳು. "ಮಗ್ಗಕ್ಕೆ ಬೇಕಲ್ಲಪ್ಪ. ನೀನೇ ಹೊದ್ಸು, ಮರೀಬ್ಯಾಡ."

ಮರೆಯಲಿಲ್ಲ. ಬೀದಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ತಟ್ಟಿಯೂ ತಟ್ಟಿದೆ. ಮಗ್ಗ ಮಲಗಿತು, ನಿದ್ದೆ ಕೆಟ್ಟಿದ್ದು ನನಗೆ. ಕೆಲವು ದಿನಕ್ಕೆ ಮಾವ ಸಾಮಾನಿಗೆಂದು ಸೇಲಂಗೆ ಬಂದ. ಅವನು ಕೂರುವ ಮೊದಲೇ, "ಮಂಜು ಮಲಗ್ತಾಳಾ?" ಎಂದೆ.

"ಅವ್ಳು ಮಲಗ್ತಾಳಪ್ಪ, ನನ್ ಯಾಪಾರಾನೂ ಮಲಗ್ಸ್ತಾಳೆ! ಕತ್ಲಾಗ್ತಿದ್ದಂಗೆ, 'ತಾತ, ಬಾಯ್ಲರ್‌ಗೆ ನಿದ್ದೆ ಬಂತು, ಬೆಂಕಿ ಆರ್ಸು' ಅಂತ ಅದ್ಕೆ ಹೊದ್ಸೋಕೆ ಗೋಣಿ ಇಡ್ಕೊಂಡು ನಿಂತ್ಕೋತಾಳೆ. ಲಾರಿಯವ್ರಿಗೆ ಟೀ ಎಂಗ್ಲಾ ಕೊಡ್ಲಿ?"

ಆ ಸಂಜೆ ಬೀದಿಯ ಮನೆಮನೆಗೂ ಇದನ್ನು ಹೇಳಿಬಂದೆ. ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ.

ಈಗ ಮಂಜುವಿನ ಮಗನಿಗೆ ಫೋನ್ ನೋಡದೆ ಕಣ್ಣು ಮುಚ್ಚದು. ನನಗೆ ಇನ್ನೊಂದು ಚಿಂತೆ ಸಿಕ್ಕಿತಲ್ಲ! ಮೊನ್ನೆ ಮಂಜು ನನ್ನ ಕೈಯಿಂದ ಹಳದಿ ಬಟ್ಟೆ ತೆಗೆದುಕೊಂಡು ಮೂಸಿ ನೋಡಿದಳು. ಮಗನ ಕೈಗೆ ಕೊಟ್ಟು ಫೋನ್ ಕಡೆ ಕಣ್ಣು ಹಾಯಿಸಿದಳು. ಅವನು ಸ್ವಲ್ಪ ಯೋಚಿಸಿದ, ಫೋನಿಗೆ ಹೊದಿಸಿದ, ಪುಟ್ಟ ಕೈಯಲ್ಲಿ ತಟ್ಟುತ್ತ ತನ್ನ ತಮಿಳಿನಲ್ಲಿ, "ತೂಂಗು, ತೂಂಗು" ಎಂದು ಮಲಗಿಸತೊಡಗಿದ. ಮಂಜು ಅವನ ಬೆನ್ನು ತಟ್ಟತೊಡಗಿದಳು. ನೋಡುತ್ತ ನಿಂತೆ, ಅದೇ ಮಗ್ಗದ ತಾಳ.

ಬಾಗಿಲಿಂದ ಹಿಂದೆ ಸರಿದೆ. ಅಡುಗೆಮನೆಯಲ್ಲಿ ಸರಸು ನನ್ನ ಮುಖ ನೋಡಿ, "ಯಾಕೆ, ಮಲಗಿದ್ನಾ ಅಂತ ಕೇಳಲ್ವಾ?" ಎಂದಳು.

"ಮಲಗ್ತಾನೆ ಬುಡು," ಎಂದೆ. "ನನ್ ಮಗ್ಳು ಮಲಗಿಸ್ತಾ ಅವ್ಳೆ."