ನಾಯಿ ಗೆದ್ದ ಸಿನಿಮಾ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಕೇಬಲ್ ಜನಾರ್ದನನನ್ನು ಅರಿಯದವರಿರಲಿಲ್ಲ. ಅರಿತವರಲ್ಲಿ ಅವನನ್ನು ಬೈಯದವರೂ ಇರಲಿಲ್ಲ. ಕರೆಂಟು ಹೋದರೆ ಅವನಿಗೇ ಬೈಗುಳ. ಕಲ್ಕತ್ತೆಯಲ್ಲಿ ಮಳೆ ಬಂದು ಕ್ರಿಕೆಟ್ ಮ್ಯಾಚು ನಿಂತರೂ ಅವನಿಗೇ ಬೈಗುಳ. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಮಗನೂ ತಮ್ಮ ಹಿಂದೆಯೇ ಗೇಟು ದಾಟಲಿ ಎಂದು ಐಟಿಐಗೆ ಸೇರಿಸಿದರೆ, ಮಗ ಅಲ್ಲಿ ಕಲಿತದ್ದು ಮೇಷ್ಟರುಗಳ ದನಿಯನ್ನು ಅಣಕಿಸುವುದನ್ನು. ಒಂದು ದಿನ ಪ್ರಿನ್ಸಿಪಾಲರ ದನಿಯಲ್ಲಿ ಮೈಕಿನಿಂದ ರಜೆ ಘೋಷಿಸಿದ. ಹುಡುಗರಿಗೆ ಅರ್ಧ ದಿನದ ರಜೆ ಸಿಕ್ಕಿತು, ಅವನಿಗೆ ಖಾಯಂ ರಜೆ.

ಆಮೇಲೆ ರೇಡಿಯೋ ರಿಪೇರಿ ಮಾಡಿದ, ಮದುವೆ ಮನೆಗಳಿಗೆ ಮೈಕ್ ಸೆಟ್ ಹೊತ್ತ. ತೊಂಬತ್ತರ ದಶಕದ ನಡುವೆ ತಾರಸಿಯ ಮೇಲೊಂದು ಡಿಶ್ ಕೂರಿಸಿ ಬೀದಿ ಬೀದಿಗೆ ವೈರು ಎಳೆದ. ಕಂಟ್ರೋಲ್ ರೂಮು ಎಂದು ಅವನು ಗತ್ತಿನಿಂದ ಕರೆಯುತ್ತಿದ್ದುದು ಅಡುಗೆಮನೆಯ ಪಕ್ಕದ ಉಗ್ರಾಣವನ್ನು. ಅಲ್ಲಿ ಎರಡು ವಿಸಿಆರ್, ಒಂದು ಟಿವಿ ಮತ್ತು ಹೆಂಡತಿ ಶಾಮಲಾಳ ಉಪ್ಪಿನಕಾಯಿ ಭರಣಿಗಳು ಕೂಡಿ ಸಂಸಾರ ಮಾಡುತ್ತಿದ್ದವು.

ಈ ಸಾಮ್ರಾಜ್ಯವೆಲ್ಲ ನಿಂತಿದ್ದು ಕಬ್ಬಿಣದ ಅಂಗಡಿಯ ಉಜ್ಜನಪ್ಪನವರ ನೀರಿನ ಟ್ಯಾಂಕಿನ ಮೇಲೆ. ಮೇನ್ ವೈರು ಅವರ ತಾರಸಿ ಹತ್ತಿ, ಟ್ಯಾಂಕಿಗೊಂದು ಸುತ್ತು ಹಾಕಿ ಅತ್ತ ಬೀದಿಗೆ ಇಳಿಯುತ್ತಿತ್ತು. ಅದಕ್ಕೆ ಬಾಡಿಗೆಯಿಲ್ಲ. ಅವರ ಮನೆಗೆ ಪುಕ್ಕಟೆ ಕನೆಕ್ಷನ್, ಮತ್ತು ಜನಾರ್ದನನಿಗೆ ಬುದ್ಧಿ ಹೇಳುವ ಪೂರ್ಣ ಹಕ್ಕು. ಅವರೊಮ್ಮೆ ಮುನಿದು ವೈರು ಬಿಚ್ಚಿದರೆಂದರೆ ಅತ್ತ ಬೀದಿಯ ಟಿವಿಗಳಲ್ಲಿ ಬರೀ ಇರುವೆ ಹರಿದಾಡುತ್ತವೆ, ಆ ಮನೆಗಳಿಗೆ ಮಾರನೆಯ ದಿನವೇ ಬೇರೆ ಕೇಬಲ್ಲಿನವನು ಏಣಿ ಹಾಕುತ್ತಾನೆ. ಅದಕ್ಕೇ ಜನಾರ್ದನ ದಾರಿಯಲ್ಲಿ ಉಜ್ಜನಪ್ಪನವರ ಸ್ಕೂಟರ್ ಕಂಡರೂ ನಮಸ್ಕಾರ ಮಾಡುತ್ತಿದ್ದ, ಅದರ ಮೇಲೆ ಅವರಿರಲಿ ಬಿಡಲಿ.

ಹೀಗಿರುವಾಗ ಒಮ್ಮೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ, ಅಂಗಡಿ ಮುಚ್ಚುತ್ತಿದ್ದ ಕ್ಯಾಸೆಟ್ಟಿನವನೊಬ್ಬ ಹಳೆಯ ಕಾರ್ಟೂನುಗಳ ಒಂದು ಚೀಲವನ್ನೇ ಅವನ ತಲೆಗೆ ಕಟ್ಟಿದ. ಒಂದು ಬುಲ್‌ಡಾಗ್, ಅಂದರೆ ಗೂಳಿನಾಯಿ, ಒಂದು ಬೆಕ್ಕು, ಒಂದು ಹೆಣ್ಣು ಬಾತುಕೋಳಿ, ಸದಾ ಹೊಡೆದಾಟ. ತನ್ನ ಲೋಕಲ್ ಚಾನೆಲ್ಲಿನಲ್ಲಿ ಹಾಕಿ ನೋಡಿದ. ಒಂದೊಂದೂ ಏಳೆಂಟು ನಿಮಿಷಕ್ಕೆ ಮುಗಿಯುತ್ತಿತ್ತು. ಜನ ರೇಗಿದರು.

"ಏನೋ ಇದು, ಚಪ್ಪಲಿ ಬಿಟ್ಟು ಒಳಗೆ ಬರೋದ್ರೊಳಗೆ ಮುಗ್ದೇಹೋಯ್ತು! ಇದಕ್ಕೊಂದು ಕತೆ ಬೇಡ್ವಾ, ಇಂಟರ್‌ವಲ್ ಬೇಡ್ವಾ?"

ಸರಿ, ಜನಾರ್ದನ ಎರಡೂ ವಿಸಿಆರ್ ಜೋಡಿಸಿಕೊಂಡು ಕೂತ. ಚೂರುಗಳನ್ನೆಲ್ಲ ಹೆಕ್ಕಿ ಹೊಂದಿಸಿ ಪೂರ್ಣಪ್ರಮಾಣದ ಚಿತ್ರವೊಂದನ್ನು ತಯಾರಿಸಿದ. ಹೆಸರು 'ಗೂಳಿನಾಯಿಯ ಗೃಹಪ್ರವೇಶ'. ನಾಯಿ ಮನೆ ಕಟ್ಟುತ್ತದೆ, ಬೆಕ್ಕು ಬಾಡಿಗೆಗೆ ಬರುತ್ತದೆ, ಬಾತುಕೋಳಿ ನಾಯಿಯ ಧರ್ಮಪತ್ನಿ. ನಡುವೆ ಸ್ಲೇಟಿನ ಮೇಲೆ ಬಳಪದಲ್ಲಿ ಬರೆದ 'ವಿಶ್ರಾಂತಿ'.

ಶಾಮಲಾ ನೋಡಿ, "ರೀ, ಈ ನಾಯಿ ಮೊದ್ಲು ಕಂದು ಬಣ್ಣ ಇತ್ತು, ಈಗ ಬೆಳ್ಳಗಿದೆಯಲ್ರೀ" ಎಂದಳು.

"ಗೃಹಪ್ರವೇಶ ಅಲ್ವೇನೇ, ಸುಣ್ಣ ಹೊಡ್ಸ್ಕೊಂಡಿದೆ."

ಉಳಿದದ್ದು ಮಾತು. ಇಂಗ್ಲಿಷು ಬೀದಿಗೆ ತಿಳಿಯದು. ಎಷ್ಟು ಸಲ ಕೇಳಿದರೂ ಜನಾರ್ದನನಿಗೂ ತಿಳಿಯದು. ಹಾಗಾಗಿ ಭಾನುವಾರ ಮಧ್ಯಾಹ್ನ ಚಿತ್ರ ಬಿಟ್ಟು, ಅದರ ದನಿ ಇಳಿಸಿ, ಮೈಕ್ ಹಿಡಿದು ತಾನೇ ಎಲ್ಲ ಪಾತ್ರಕ್ಕೂ ಕನ್ನಡ ಮಾತಾಡತೊಡಗಿದ. ಪಕ್ಕದ ಅಡುಗೆಮನೆಯ ಕುಕ್ಕರ್ ಕೂಗಿದಾಗಲೆಲ್ಲ ಜನ ಅದನ್ನು ಬೆಕ್ಕಿನ ಕೂಗೆಂದೇ ತಿಳಿದರು.

ಎಡವಟ್ಟಾದದ್ದು ನಾಯಿಯ ಪ್ರವೇಶದಲ್ಲಿ. ಅದು ಹೊಟ್ಟೆ ಮುಂದೆ ಮಾಡಿ, ಕೈ ಹಿಂದೆ ಕಟ್ಟಿ ನಡೆದು ಬಂದ ಠೀವಿಗೆ ಜನಾರ್ದನನ ಗಂಟಲು ತಾನಾಗಿಯೇ ಹೊಂದಿಕೊಂಡಿತು. "ಹ್ಞಂ ಹ್ಞಂ... ಏನೋ ಮಾರಾಯ, ಸ್ವಲ್ಪ ಬುದ್ಧಿ ಬೇಡ್ವೇನೋ ನಿಂಗೆ? ನೋಡಾಣ, ಮುಂದಿನ್ ವಾರ ನೋಡಾಣ." ಥೇಟ್ ಉಜ್ಜನಪ್ಪನವರು! ಮನೆ ಮನೆಯಿಂದ ನಗು ಕೇಳಿಬಂತು. ಏನಾಗಿದೆಯೆಂದು ಜನಾರ್ದನನಿಗೆ ಹೊಳೆಯುವಷ್ಟರಲ್ಲಿ ಇಂಟರ್‌ವಲ್ ದಾಟಿತ್ತು. ಇನ್ನು ನಾಯಿಯ ದನಿ ಬದಲಿಸಿದರೆ ಕಳ್ಳ ತಾನೇ ಒಪ್ಪಿಕೊಂಡ ಹಾಗೆ. ಬೆವರುತ್ತ, ಅದೇ ದನಿಯಲ್ಲಿ ನಾಯಿಯನ್ನು ದಡ ಸೇರಿಸಿದ.

ಚಿತ್ರ ಮುಗಿಯುತ್ತಲೇ ಉಜ್ಜನಪ್ಪನವರು ಬಂದೇಬಿಟ್ಟರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಜನಾರ್ದನ ವಿಸಿಆರಿನ ಹಿಂದೆ ಸರಿದ.

"ಏನೋ ಜನಾರ್ದನ, ಎಷ್ಟೋ ಧೈರ್ಯ ನಿಂಗೆ!"

"ಸಾವ್ಕಾರ್ರೇ, ಅದು ಬೇಕೂಂತ ಮಾಡಿದ್ದಲ್ಲ..."

"ಕಲ್ಲಪ್ಪನ್ನ ಏನ್ ಹಿಡ್ದಿದೀಯೋ! ಅದೇ ಹೊಟ್ಟೆ, ಅದೇ ದೊಡ್ಡಸ್ತಿಕೆ! ನಕ್ಕೂ ನಕ್ಕೂ ಸಾಕಾಯ್ತು ಮಾರಾಯ."

ಕಲ್ಲಪ್ಪನೆಂದರೆ ಎದುರು ಸಾಲಿನ ದನದ ಹಿಂಡಿ ಅಂಗಡಿಯವರು. ಉಜ್ಜನಪ್ಪನವರಿಗೂ ಅವರಿಗೂ ಎಷ್ಟೋ ವರ್ಷಗಳಿಂದ ಎಣ್ಣೆ ಸೀಗೆಕಾಯಿ. ದೇವರು ಕೊಟ್ಟದ್ದನ್ನು ತಿದ್ದಲು ಜನಾರ್ದನ ಯಾರು?

"ಆದ್ರೆ ಕಲ್ಲಪ್ಪನ ದನಿ ನಿಂಗೆ ಪೂರ್ತಿ ಬಂದಿಲ್ಲ" ಎಂದರು ಉಜ್ಜನಪ್ಪನವರು. "ಮುಂದಿನ ಭಾನುವಾರ ಮೈಕ್ ನಂಗೆ ಕೊಡು. ನಾಯೀನ ನಾನ್ ಮಾಡ್ತೀನಿ."

ಬೇಡವೆನ್ನಲು ಧೈರ್ಯವೆಲ್ಲಿ? ಮುಂದಿನ ಭಾನುವಾರ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿ ಮಹಾಂತಮ್ಮನವರನ್ನೂ ಜೊತೆಗೆ ಕರೆತಂದು ಉಗ್ರಾಣದಲ್ಲಿ ಕೂತರು. ನಾಯಿ ಬರುತ್ತಲೇ ಮೈಕಿಗೆ ಬಾಯಿಟ್ಟು ಕಲ್ಲಪ್ಪನವರ ಅಣಕ ಶುರುಮಾಡಿದರು. "ಹ್ಞಂ ಹ್ಞಂ... ಏನೋ ಮಾರಾಯ!" ಒಂದೆಳೆ ವ್ಯತ್ಯಾಸವಿಲ್ಲದ ಉಜ್ಜನಪ್ಪನವರದೇ ದನಿ! ಓಲ್ಡ್ ಟೌನು ಹೊಟ್ಟೆ ಹಿಡಿದುಕೊಂಡಿತು.

ಮಹಾಂತಮ್ಮನವರು ಅಡುಗೆಮನೆಯ ಬಾಗಿಲಲ್ಲಿ ಶಾಮಲಾಳ ಜೊತೆ ನಿಂತು ನೋಡುತ್ತಿದ್ದರು. ಪರದೆಯ ಮೇಲೆ ಬಾತುಕೋಳಿ ಬಾಣಲೆ ಹಿಡಿದು ನಾಯಿಯ ಮುಂದೆ ನಿಂತಿತು. ಅದನ್ನು ಕಂಡು ಅವರಿಗೇನನ್ನಿಸಿತೋ, ಅಲ್ಲಿಂದಲೇ ದನಿಯೆತ್ತಿದರು:

"ಅಲ್ರೀ, ಸಕ್ರೆಬೈಲಿಗೆ ಕರ್ಕೊಂಡು ಹೋಗಿ ಆನೆ ತೋರಿಸ್ತೀನಿ ಅಂದಿದ್ರಲ್ಲ, ಏನಾಯ್ತು?"

ಅದು ಮೈಕಿನಲ್ಲಿ ನೆಟ್ಟಗೆ ಹೋಯಿತು. ಆಟದ ಅಮಲಿನಲ್ಲಿದ್ದ ಉಜ್ಜನಪ್ಪನವರು ನಾಯಿಯಾಗಿ ಉತ್ತರಿಸಿದರೋ ಗಂಡನಾಗಿ ಉತ್ತರಿಸಿದರೋ ಹೇಳುವುದು ಕಷ್ಟ: "ಮುಂದಿನ್ ವಾರ ನೋಡಾಣ ಮಾರಾಯ್ತಿ!"

ಬಾತುಕೋಳಿ ಬಾಣಲೆ ಬೀಸಿತು. ಹೊರಗೆ ಬೀದಿಗೆ ಬೀದಿಯೇ ಹೋ ಎಂದಿತು. ಅದರ ನಡುವೆ ಕಲ್ಲಪ್ಪನವರ ದನಿ ಕಿಟಕಿಯಿಂದ ಸ್ಪಷ್ಟವಾಗಿ ಒಳಬಂತು: "ಉಜ್ಜನಪ್ಪಾ, ಹೋಗ್ಲಿ ಪಾಪ, ಆಯಮ್ಮಂಗೆ ಆನೆ ತೋರ್ಸೋ!"

ಉಜ್ಜನಪ್ಪನವರು ಮೈಕಿನತ್ತ ನೋಡಿದರು, ಪರದೆಯ ಮೇಲೆ ಹಪ್ಪಳವಾಗಿ ಬಿದ್ದಿದ್ದ ನಾಯಿಯತ್ತ ನೋಡಿದರು. ಎದ್ದು ಹೊರಟರು. ಹೋಗುವಾಗ ಜನಾರ್ದನ ವೈರು ಕತ್ತರಿಸುವ ಕಟಿಂಗ್ ಪ್ಲೇಯರ್ ಅವರ ಕೈಯಲ್ಲಿತ್ತು.

ಜನಾರ್ದನ ಬರಿಗಾಲಲ್ಲಿ ಹಿಂದೆ ಓಡಿದ. ಅವರ ತಾರಸಿ ಮುಟ್ಟುವಷ್ಟರಲ್ಲಿ ಪ್ಲೇಯರಿನ ಬಾಯಿ ವೈರನ್ನು ಕಚ್ಚಿ ನಿಂತಿತ್ತು. "ಸಾವ್ಕಾರ್ರೇ, ಹೊಟ್ಟೆ ಮೇಲೆ ಹೊಡೀಬೇಡಿ" ಎಂದು ಕೈ ಮುಗಿದ. ಏದುಸಿರು ಬಿಡುತ್ತ ಮಹಾಂತಮ್ಮನವರೂ ಮೆಟ್ಟಿಲು ಹತ್ತಿ ಬಂದರು.

"ಕತ್ತರಿಸ್ರಿ, ಕತ್ತರಿಸ್ರಿ" ಎಂದರು ತಣ್ಣಗೆ. "ಸಂಜೆ ಧಾರಾವಾಹಿ ಹೊತ್ತಿಗೆ ಟಿವಿ ಬದ್ಲು ನೀವೇ ನನ್ನೆದುರು ಕೂತು ಅಳಿ. ನೋಡ್ತೀನಿ."

ಪ್ಲೇಯರ್ ಸಡಿಲವಾಯಿತು. ಉಜ್ಜನಪ್ಪನವರು ಮೆಲ್ಲಗೆ ಕೇಳಿದರು: "ನಾನು ಮಾತಾಡೋದು ಹಂಗೇನೇ?"

"ಹಂಗೇ" ಎಂದರು ಹೆಂಡತಿ. ಜನಾರ್ದನ ಟ್ಯಾಂಕಿನ ಮುಚ್ಚಳ ನೋಡುತ್ತ ನಿಂತ.

"ಆಯ್ತು, ಬರೋ ಭಾನುವಾರ ಬೆಳಿಗ್ಗೆ ಸಕ್ರೆಬೈಲಿಗೆ ಹೋಗಾಣ. ಆದ್ರೆ ಜನಾರ್ದನ, ಆ ನಾಯಿ ಯಾಕೋ ಯಾವಾಗ್ಲೂ ಹೊಡೆತ ತಿನ್ನುತ್ತೆ? ಬೀದಿಯವರೆಲ್ಲ ಅದು ನಾನೇ ಅಂತಿದ್ರೆ ಅದು ಒಂದ್ಸಲನಾದ್ರೂ ಗೆಲ್ಲಬೇಕು."

"ಅದು ಅಮೆರಿಕದೋರು ಬರ್ದಿದ್ದು, ಸಾವ್ಕಾರ್ರೇ."

"ಜೋಡ್ಸಿದ್ದು ನೀನಲ್ವೇನೋ? ಗೆಲ್ಲೋ ಹಂಗೆ ಜೋಡ್ಸು. ಭಾನುವಾರ ನಾಯಿ ಗೆದ್ರೆ ವೈರು ಇರುತ್ತೆ. ಸೋತ್ರೆ ಪ್ಲೇಯರ್ ನನ್ನ ಹತ್ರಾನೇ ಇದೆ."

ವಾರವೆಲ್ಲ ಜನಾರ್ದನ ಚೀಲದ ಕ್ಯಾಸೆಟ್ಟುಗಳನ್ನು ಹಾಕಿ ಹಾಕಿ ನೋಡಿದ. ನಾಯಿಯ ಮೇಲೆ ಬಾಣಲೆ ಬಿತ್ತು, ಪಿಯಾನೋ ಬಿತ್ತು, ಒಮ್ಮೆ ಇಡೀ ರೈಲೇ ಹಾದುಹೋಯಿತು. ಗೆದ್ದ ತುಣುಕು ಒಂದಾದರೂ ಇರಬಾರದೇ? ಶನಿವಾರದ ಹೊತ್ತಿಗೆ ಅವನು ತಾನೇ ರೈಲಿನಡಿ ಬಿದ್ದವನಂತೆ ಕಾಣುತ್ತಿದ್ದ. ಕೊನೆಯ ಕ್ಯಾಸೆಟ್ಟನ್ನು ಚಿತ್ರ ನಿಲ್ಲಿಸದೆಯೇ ಹಿಂದಕ್ಕೆ ಸುತ್ತುತ್ತ ಮಂಕಾಗಿ ಕೂತಿದ್ದಾಗ, ಉಪ್ಪಿನಕಾಯಿಗೆಂದು ಒಳಬಂದ ಶಾಮಲಾ ಪರದೆ ನೋಡಿ ನಿಂತುಬಿಟ್ಟಳು.

"ಗೆಲ್ತಿದೆಯಲ್ರೀ ನಾಯಿ!"

"ಅಯ್ಯೋ, ಅದು ರಿವೈಂಡ್ ಆಗ್ತಿರೋದೇ."

"ಆಗ್ಲಿ ಬಿಡಿ. ಹಿಂಗೇ ತೋರ್ಸಿ."

ಭಾನುವಾರ ಬೆಳಿಗ್ಗೆ ದಂಪತಿಗಳು ಸಕ್ರೆಬೈಲಿಗೆ ಹೋಗಿ, ತುಂಗೆಯಲ್ಲಿ ಆನೆಗಳ ಸ್ನಾನ ನೋಡಿ, ಮಧ್ಯಾಹ್ನ ಊಟದ ಹೊತ್ತಿಗೆ ಮರಳಿ ಟಿವಿಯ ಮುಂದೆ ಕೂತರು. ಚಿತ್ರ ಎಂದಿನಂತೆ ನಡೆದು ಕಡೆಯ ಘಟ್ಟಕ್ಕೆ ಬಂತು. ಪರದೆಯ ಮೇಲೆ ಎರಡು ಬಿಳಿ ಗೆರೆ ಅಡ್ಡ ಬಂದವು. ಹಪ್ಪಳವಾಗಿ ಬಿದ್ದಿದ್ದ ನಾಯಿ ಪೂರಿಯಂತೆ ಉಬ್ಬಿ ಎದ್ದಿತು. ತಲೆಗೆ ಅಂಟಿದ್ದ ಬಾಣಲೆ ಹಾರಿ ಬಾತುಕೋಳಿಯ ಕೈಗೆ ಹೋಯಿತು. ಬಾತುಕೋಳಿ ಬೆಚ್ಚಿದಂತೆ ಹಿಂದಕ್ಕೆ ಓಡಿತು, ಬೆಕ್ಕು ಮರ ಸೇರಿತು. ನಾಯಿಯ ಕಣ್ಣೀರು ಕಣ್ಣಿಗೆ ವಾಪಸು ಹೋಯಿತು. ಅದು ಎದೆ ಸೆಟೆಸಿ, ಹಿಂದೆ ಹಿಂದೆ ಹೆಜ್ಜೆಯಿಟ್ಟು ತನ್ನ ಮನೆ ಹೊಕ್ಕು ಬಾಗಿಲು ಹಾಕಿಕೊಂಡಿತು. ಸ್ಲೇಟಿನ ಮೇಲೆ 'ಶುಭಂ' ಮೂಡಿತು.

ಜನಾರ್ದನ ಮೈಕ್ ಆರಿಸಿ, ಉಜ್ಜನಪ್ಪನವರ ಮನೆಯ ಮುಂದೆ ಬಂದು ನಿಂತ. ಅವರು ಹೊರಗೆ ಬಂದು ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು.

"ಗೆದ್ದಿದ್ದೇನೋ ಸರಿ. ಆದ್ರೆ ನಾಯಿ ಯಾಕೋ ಹಿಂದಕ್ಕೆ ನಡೀತು?"

"ಗೆದ್ದೋರು ಬೆನ್ನು ತೋರ್ಸಬಾರ್ದಲ್ಲ, ಸಾವ್ಕಾರ್ರೇ."

ಉಜ್ಜನಪ್ಪನವರು ಎದುರು ಸಾಲಿನ ಹಿಂಡಿ ಅಂಗಡಿಯತ್ತ ಒಮ್ಮೆ ನೋಡಿದರು. ಪ್ಲೇಯರನ್ನು ಜನಾರ್ದನನ ಕೈಗಿತ್ತು, ಬಾಗಿಲವರೆಗೂ ಹಿಂದೆ ಹಿಂದೆಯೇ ಹೆಜ್ಜೆಯಿಟ್ಟು ಒಳಗೆ ಹೋದರು.