ಅವ್ವನ ಮುದ್ದೆ, ಚಿಕ್ಕಮ್ಮನ ಇಂಗ್ಲಿಷು

ಮೊನ್ನೆ ಮಗಳ ಮೊಬೈಲು ಇಂಗ್ಲಿಷು ಪಾಠ ಹೇಳುತ್ತಾ ‘ಫಾರ್ ಸಾಫ್ಟರ್’ ಎಂದು ಉಚ್ಚರಿಸಿತು, ನನಗೆ ರಾಗಿಮುದ್ದೆಯ ವಾಸನೆ ಬಂತು. ನಗಬೇಡಿ, ನಾನು ಇಂಗ್ಲಿಷು ಕಲಿತದ್ದೇ ಅಡುಗೆಮನೆಯ ಬಾಗಿಲಲ್ಲಿ.

ಆಗ ನಾವು ಪೂರಿಗಾಲಿಯಲ್ಲಿದ್ದೆವು. ಚಿಕ್ಕಪ್ಪನನ್ನು ಮದುವೆಯಾಗಿ ಬಂದ ಚಿಕ್ಕಮ್ಮ ಬಿ.ಎ. ಓದಿದ್ದಳು. ಮಳವಳ್ಳಿಯ ಶಾಲೆಯೊಂದರಲ್ಲಿ ಅವಳಿಗೆ ಕೆಲಸ ಸಿಗುವುದರಲ್ಲಿತ್ತು. ಆದರೆ ಅವಳು ಬೆಳಗಿನ ಬಸ್ಸು ಹತ್ತಿದರೆ ಇಡೀ ಮನೆಯ ಅಡುಗೆ ಅವ್ವನೊಬ್ಬಳ ತಲೆಗೆ. ಅಜ್ಜಿ, “ದೊಡ್ಡವ್ಳು ಊಂ ಅಂದ್ರೆ ಓಗು” ಎಂದು ಕೈ ತೊಳೆದುಕೊಂಡಿತ್ತು. ಚಿಕ್ಕಮ್ಮ ಕೇಳಲಿಲ್ಲ, ಅವ್ವ ಹೇಳಲಿಲ್ಲ. ವಾರಗಿತ್ತಿಯರ ನಡುವೆ ಅಷ್ಟು ಬಿಗುಮಾನ ಇರಲೇಬೇಕೆಂದು ನಮ್ಮ ಕಡೆ ಒಂದು ನಂಬಿಕೆ.

ನಮ್ಮ ಕಡೆ ಎದುರಿಗೆ ಹೊಗಳುವ ಪದ್ಧತಿಯೂ ಇಲ್ಲ. ಮುದ್ದೆ ಎಷ್ಟೇ ಚೆನ್ನಾಗಿದ್ದರೂ ‘ಪರ್ವಾಗಿಲ್ಲ’ ಅನ್ನುವುದೇ ದೊಡ್ಡ ಸರ್ಟಿಫಿಕೇಟು. ಇನ್ನೂ ದೊಡ್ಡದು ಬೇಕೆಂದರೆ ಸುಮ್ಮನೆ ಇನ್ನೊಂದು ಮುದ್ದೆ ಹಾಕಿಸಿಕೊಳ್ಳಬೇಕು. ನಾನು ಎಷ್ಟೋ ಸಲ ಹಾಗೆ ಮಾಡಿ, ಶಾಲೆಯಲ್ಲಿ ತೂಕಡಿಸಿದ್ದೇನೆ.

ಒಂದು ಸಂಜೆ ಚಿಕ್ಕಮ್ಮ ನನಗೆ ಹೋಲಿಕೆಯ ಪಾಠ ಮಾಡುತ್ತಿದ್ದಳು. “ಅಕ್ಕಾಸ್ ಮುದ್ದೆ ಈಸ್ ಸಾಫ್ಟರ್ ದ್ಯಾನ್ ಮೈನ್. ಇದನ್ನ ಇನ್ನೂ ಒತ್ತಿ ಯೋಳು ನೋಡಾವ.”

“ವೆರಿ ಸಾಫ್ಟರ್” ಎಂದೆ. ‘ಬಹಳ’ ಅನ್ನುವ ನಮ್ಮ ‘ಬೋ’ ಎಲ್ಲಿ ಬೇಕಾದರೂ ಕೂರುತ್ತದೆ, ಇಂಗ್ಲಿಷಿನಲ್ಲೂ ಕೂರುತ್ತದೆಂದು ನನ್ನ ಲೆಕ್ಕಾಚಾರ.

“ವೆರಿ ಅಲ್ಲ ಕಣ್ಲಾ. ಸಾಫ್ಟರ್‌ಗೆ ಮುಂಚೆ ಫಾರ್ ಬರ್ಬೇಕು, ದೂರ ಅನ್ನೋ ಫಾರ್. ಅಕ್ಕಾಸ್ ಮುದ್ದೆ ಈಸ್ ಫಾರ್ ಸಾಫ್ಟರ್ ದ್ಯಾನ್ ಮೈನ್.” ಮೆತ್ತಗೆ ಮಾತಾಡುವ ಚಿಕ್ಕಮ್ಮ ಅದನ್ನು ಮಾತ್ರ ಅಡುಗೆಮನೆಯ ಕಡೆ ತಿರುಗಿ ಜೋರಾಗಿ ಹೇಳಿದಳು. ಪಾಠವೋ ಉಪಾಯವೋ, ನನಗೆ ಈಗಲೂ ಗೊತ್ತಿಲ್ಲ.

ಒಳಗೆ ಮುದ್ದೆ ತೊಳಸುತ್ತಿದ್ದ ಕೋಲಿನ ಸದ್ದು ನಿಂತಿತು. “ಏನ್ಲಾ ಅದು, ಅಕ್ಕ ಅಂತಾವ್ಳೆ?”

“ನಿನ್ ಮುದ್ದೆ ಅವ್ರುದ್ಕಿಂತ ಬೋ ಮೆತ್ಗದಂತೆ ಕಣವ್ವ.”

ಕೋಲು ಎರಡು ಸುತ್ತು ತಿರುಗಿ ಮತ್ತೆ ನಿಂತಿತು. ಆಮೇಲೆ, “ಇನ್ನೊಂದ್ಸಲ ಯೋಳ್ಲಾ” ಎಂದಳು. ಹೇಳಿದೆ.

ಊಟಕ್ಕೆ ಬಡಿಸುವಾಗ ಅವ್ವ ಯಾರ ಮುಖವನ್ನೂ ನೋಡದೆ ಅಜ್ಜಿಗೆ ಹೇಳಿದಳು: “ಮುದ್ದೆ ನಂಗ್ ಬತ್ತದೆ, ಪಾಟ ಅವ್ಳಿಗ್ ಬತ್ತದೆ. ಓಗ್ಲಿ ಬುಡು, ಅತ್ತೆ.” ಚಿಕ್ಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮುಂದೆ ನಿವೃತ್ತಿಯವರೆಗೂ ಅವಳು ಆ ಬಸ್ಸು ಹತ್ತಿದಳು.

ಈಗ ಅವ್ವ ಮಂಡ್ಯದಲ್ಲಿ ನನ್ನ ಜೊತೆಗಿದ್ದಾಳೆ. ಭುಜ ನೋಯುವುದರಿಂದ ಕೋಲು ಹಿಡಿಯುವುದಿಲ್ಲ. ಮೊಬೈಲು ಮಾತಾಡಿದ ಆ ದಿನವೇ ಚಿಕ್ಕಮ್ಮನಿಗೆ ಫೋನು ಮಾಡಿ ಕರೆದೆ. ಭಾನುವಾರ ಬಂದವಳು ತಾನೇ ಮುದ್ದೆ ಕಟ್ಟಿದಳು. ಇಷ್ಟು ವರ್ಷ ಸೀಮೆಸುಣ್ಣ ಹಿಡಿದ ಕೈ, ನನ್ನ ಮುದ್ದೆಯಲ್ಲಿ ಗಂಟಿತ್ತು.

“ಎಂಗದವ್ವ?” ಎಂದು ಕೇಳಿದೆ.

“ಪರ್ವಾಗಿಲ್ಲ” ಎಂದಳು ಅವ್ವ. ಇನ್ನೊಂದು ತುತ್ತು ನುಂಗಿ, ಚಿಕ್ಕಮ್ಮನ ಕಡೆ ತಿರುಗಿದಳು. “ನಂದ್ಕಿಂತ ಬೋ ಮೆತ್ಗದೆ ಕಣಮ್ಮಿ.”

ಗಂಟನ್ನು ನಾನು ಸದ್ದಿಲ್ಲದೆ ನುಂಗಿ, ಇನ್ನೊಂದು ಮುದ್ದೆ ಹಾಕಿಸಿಕೊಂಡೆ.