ಎರಡು ಕಾಯಿಗೆ ಒಂದು ಹಿಡಿ

ಉಪ್ಪಿನಕಾಯಿಯನ್ನು ಅಂಗಡಿಯಿಂದ ತಂದರೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲವೇನೋ ಎಂದು ಅಕ್ಕಪಕ್ಕದವರು ವಿಚಾರಿಸಿಕೊಂಡು ಬರುತ್ತಿದ್ದ ದಿನಗಳವು. ಆ ಬೇಸಿಗೆ ನಮ್ಮ ಮನೆಯಲ್ಲಿ ನಿಜವಾಗಿಯೂ ಹುಷಾರಿರಲಿಲ್ಲ. ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಬನ್ನಿಮಂಟಪದ ಬಾಡಿಗೆ ಮನೆಯ ನಡುಮನೆಯಲ್ಲಿ ಮಂಚ ಹಾಕಿ ಮಲಗಿಸಿದ್ದೆವು. ಒಂದೂವರೆ ತಿಂಗಳು ಬಗ್ಗಬಾರದು, ಭಾರ ಎತ್ತಬಾರದು, ನೆಲದ ಮೇಲೆ ಕೂರಬಾರದು ಎಂದು ಡಾಕ್ಟರು ಹೇಳಿದ್ದರು. ಹತ್ತು ವರ್ಷದ ನನಗೆ ಅವಳನ್ನು ಮಂಚದಿಂದ ಏಳದಂತೆ ಕಾಯುವ ಕೆಲಸ. ಅಪ್ಪ ದಿನವೂ ಮಂಡಿ ಮೊಹಲ್ಲಾದ ಅಂಗಡಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಅದನ್ನೇ ಹೇಳಿ ಹೋಗುತ್ತಿದ್ದರು.

ಪಾತ್ರೆ ತೊಳೆದು, ಅನ್ನಕ್ಕಿಟ್ಟು, ಮಧ್ಯಾಹ್ನದ ಹೊತ್ತಿಗೆ ನನ್ನ ಕೈಕಾಲು ಸೋತುಹೋಗುತ್ತಿದ್ದವು. ರಜದಲ್ಲಿ ಬೀದಿಯ ಹುಡುಗಿಯರು ಕುಂಟೆಬಿಲ್ಲೆ ಆಡುವ ಸದ್ದು ಕೇಳಿದರೂ ಎದ್ದು ಹೋಗಲು ಮನಸ್ಸಾಗುತ್ತಿರಲಿಲ್ಲ.

ಅಂಥ ಒಂದು ದಿನ ಮಾವಿನಕಾಯಿ ಗಾಡಿಯವನ ಕೂಗು ಕೇಳಿ ಅಮ್ಮ ಮಂಚದ ಮೇಲೆ ಚಡಪಡಿಸಿದಳು.

“ಮಳೆ ಬಿದ್ರೆ ಕಾಯಿ ಕೆಟ್ಟೋಗುತ್ತೆ ಕಣೆ. ಒಂದ್ ಗಳಿಗೆ ಎದ್ದು ಹಾಕ್ಬುಡ್ತೀನಿ.”

“ಬೇಡಮ್ಮ, ನಾನು ಹಾಕ್ತೀನಿ. ನೀನು ಮಲ್ಕೊಂಡೇ ಹೇಳು.”

“ನೀನಾ? ನಿಂಗಿನ್ನೂ ಜಡೆ ಹಾಕ್ಕೊಳಕ್ಕೇ ಬರಲ್ಲ!” ಎಂದು ನಕ್ಕವಳು, ಹೊಲಿಗೆ ಎಳೆಯಿತೆಂದು ಹೊಟ್ಟೆ ಹಿಡಿದುಕೊಂಡಳು. ನಗು ಮುಗಿದ ಮೇಲೆ ಒಪ್ಪಿದಳು.

ಭಾನುವಾರ ಅಪ್ಪ ಇಪ್ಪತ್ತು ಕಾಯಿ ತಂದು ಮಚ್ಚಿನಲ್ಲಿ ಹೋಳು ಮಾಡಿಕೊಟ್ಟರು. ಹಳೆಯ ಪಂಚೆಯ ಮೇಲೆ ಅವು ಆರುತ್ತಿದ್ದಾಗ ಮನೆಯೆಲ್ಲ ಸೊನೆಯ ವಾಸನೆ. ಅಡುಗೆಮನೆಗೂ ಅಮ್ಮನ ಮಂಚಕ್ಕೂ ನಡುವೆ ಒಂದು ಗೋಡೆ. ಗೋಡೆಯಾಚೆಯಿಂದ ಅವಳು ಹೇಳುತ್ತಿದ್ದಳು, ನಾನು ಮಾಡುತ್ತಿದ್ದೆ. ಮೆಂತ್ಯ ಕೆಂಪಗೆ ಹುರಿದೆ, ಸಾಸಿವೆ ಕುಟ್ಟಿ ಕಣ್ಣುಮೂಗೆಲ್ಲ ಸುರಿಸಿಕೊಂಡೆ. ಖಾರದ ಪುಡಿಗೆ ಪಾವು ಇತ್ತು. ಉಪ್ಪಿಗೆ ಮಾತ್ರ ನಮ್ಮ ಮನೆಯಲ್ಲಿ ಯಾವ ಪಾವೂ ಇರಲಿಲ್ಲ.

“ಎರಡು ಕಾಯಿಗೆ ಒಂದ್ ಹಿಡಿ. ನಮ್ಮವ್ವನೂ ಅಂಗೇ ಹಾಕ್ತಿದ್ದಿದ್ದು. ಒದ್ದೆ ಕೈ ಮುಟ್ಟಿಸ್ಬೇಡ. ಬಾಯಿಗೆ ಹಾಕ್ಕೊಂಡು ನೋಡ್ಬೇಡ, ಎಂಜಲಾಗುತ್ತೆ.”

ಹತ್ತು ಹಿಡಿ ಉಪ್ಪನ್ನು ಗಟ್ಟಿಯಾಗಿ ಎಣಿಸಿಯೇ ಹಾಕಿದೆ. ರುಚಿ ನೋಡಲಿಲ್ಲ. ಜಾಡಿಯ ಬಾಯಿಗೆ ಅಮ್ಮನ ಹಳೆ ಸೀರೆಯ ತುಂಡು ಕಟ್ಟಿದಾಗ ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ನೋಡಲು ಬಂದವರಿಗೆಲ್ಲ ಅಮ್ಮ, “ಈ ವರ್ಷ ನಮ್ ಪುಟ್ಟಿದೇ ಉಪ್ಪಿನ್ಕಾಯಿ ಕಣ್ರೀ” ಎನ್ನುತ್ತಿದ್ದಳು.

ಹನ್ನೆರಡನೇ ದಿನ ಕಲಕಲೆಂದು ಬಟ್ಟೆ ಬಿಚ್ಚಿದೆ. ಮೇಲೆಲ್ಲ ಬೆಳ್ಳಗೆ ಬೂಷ್ಟು.

ಕೆಟ್ಟಿತಲ್ಲ ಎಂಬುದಕ್ಕಿಂತ, ಇದು ಗೊತ್ತಾದರೆ ಅಮ್ಮ ಎದ್ದೇ ಏಳುತ್ತಾಳೆ ಎಂಬುದೇ ಭಯ. ಸೌಟಿನಲ್ಲಿ ಬೂಷ್ಟು ತೆಗೆದು ಕರಿಬೇವಿನ ಗಿಡದ ಬುಡದಲ್ಲಿ ಹೂತೆ. ಮೂರು ದಿನಕ್ಕೆ ಮತ್ತೆ ಬಂತು, ಮತ್ತೆ ಹೂತೆ. ಆದರೆ ವಾಸನೆಯನ್ನು ಹೂಳುವುದು ಹೇಗೆ? ಅದು ಗೋಡೆ ದಾಟಿ ಮಂಚಕ್ಕೆ ಹೋಯಿತು.

“ಆ ಜಾಡಿ ತಗೊಂಬಾ ಇಲ್ಲಿ.”

ತಂದಿಟ್ಟು ತಲೆತಗ್ಗಿಸಿ ನಿಂತೆ.

“ಎಷ್ಟ್ ಹಿಡಿ ಹಾಕ್ದೆ ಉಪ್ಪು?”

“ನೀನು ಹೇಳ್ದಷ್ಟೇ. ಹತ್ತು.”

“ಯಾರ್ ಕೈಲಿ?”

ನನ್ನ ಕೈಲಿ ಎಂದು ತೋರಿಸಿದೆ. ಅಮ್ಮ ಅದನ್ನು ಹಿಡಿದು ತನ್ನ ಅಂಗೈ ಮೇಲೆ ಇಟ್ಟುಕೊಂಡಳು. ಅವಳ ಬೆರಳುಗಳು ನನ್ನವನ್ನು ದಾಟಿ ಒಂದು ಗೆಣ್ಣಿನಷ್ಟು ಆಚೆ ಇದ್ದವು. ಬೈಯುತ್ತಾಳೆಂದು ಕಾದೆ.

“ತಪ್ಪು ನಂದು ಕಣೆ ಮಗ. ಈ ಪುಟ್ಟ ಕೈ ನೋಡ್ದೇನೇ ಹೇಳ್ಬುಟ್ಟೆ” ಎಂದಳು.

ಏಳಬಾರದೆಂದು ಅವಳಿಂದ ಆಣೆ ಹಾಕಿಸಿಕೊಂಡೆ. ಮಾರನೆಯ ಮಧ್ಯಾಹ್ನ ಅವಳ ಕಾಲ ಬುಡದಲ್ಲೇ ಕಾವಲು ಕೂತೆ. ಎಷ್ಟು ದಿನದ ಆಯಾಸವೋ, ಗೋಡೆಗೆ ಒರಗಿದವಳಿಗೆ ನಿದ್ದೆ ಹತ್ತಿಬಿಟ್ಟಿತು. ಎಚ್ಚರವಾದದ್ದು ಸಾಸಿವೆಯ ಘಾಟಿಗೆ. ಮಂಚ ಖಾಲಿ. ಅಡುಗೆಮನೆಯಲ್ಲಿ ಅಮ್ಮ ನೆಲದ ಮೇಲೆ ಕೂತು, ಗಾಡಿಯವನಿಂದ ತೆಗೆದುಕೊಂಡು ಹೆಚ್ಚಿದ ಹೋಳುಗಳಿಗೆ ಬಗ್ಗಿ ಉಪ್ಪು ಬೆರೆಸುತ್ತಿದ್ದಳು. ನಾನು ಗೋಳೋ ಎಂದು ಅತ್ತೆ.

“ಆಯ್ತು ಕಣೆ, ಇನ್ನೊಂದೇ ಹಿಡಿ. ನೀನು ಮಲ್ಗಿದ್ದೆ, ಎಬ್ಬಿಸಕ್ಕೆ ಮನ್ಸು ಬರ್ಲಿಲ್ಲ” ಎಂದಳು.

ಸಂಜೆಗೆ ನೋವು ಶುರುವಾಗಿ ಮತ್ತೆ ಆಸ್ಪತ್ರೆ ಕಂಡಳು. ವಾಸಿಯಾಯಿತು, ಪೂರ್ತಿ ಆಗಲಿಲ್ಲ. ಆಮೇಲಿನ ವರ್ಷಗಳಲ್ಲಿ ಬಗ್ಗಿ ಏನಾದರೂ ಎತ್ತುವಾಗ ಒಮ್ಮೊಮ್ಮೆ ಹೊಟ್ಟೆ ಹಿಡಿದು ನಿಲ್ಲುತ್ತಿದ್ದಳು. ನನ್ನ ಮುಖ ನೋಡಿ, “ಏನಿಲ್ಲ, ಉಪ್ಪಿನ್ಕಾಯಿ ನೋವು” ಎಂದು ಛೇಡಿಸುತ್ತಿದ್ದಳು. ನಾನು ನಗುತ್ತಿದ್ದೆ. ಆದರೆ ಆ ಮಧ್ಯಾಹ್ನದ ನಿದ್ದೆಗಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಮ್ಮ ಹೋಗಿ ಐದು ವರ್ಷವಾಯಿತು. ಈಗ ನನಗೂ ಮಂಡಿ ನೋವು. ಕೆಲಸ ಮುಗಿಸಿ ಬಂದರೆ ಒಲೆಯ ಮುಂದೆ ನಿಲ್ಲಲು ಬೇಸರ. “ಅಂಗ್ಡೀಲಿ ಬೇಕಾದಷ್ಟು ಸಿಗುತ್ತೆ, ಯಾಕೆ ಒದ್ದಾಡ್ತೀಯ?” ಎಂದು ಯಜಮಾನರು ಹೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೂ ಪ್ರತಿ ಬೇಸಿಗೆ ಇಪ್ಪತ್ತು ಕಾಯಿ ತರುತ್ತೇನೆ. ಅಡುಗೆಮನೆಯಲ್ಲಿ ಗ್ರಾಂ ತೂಗುವ ತಕ್ಕಡಿಯೂ ಇದೆ, ಆದರೆ ಅಮ್ಮನ ಹಿಡಿ ಎಷ್ಟು ತೂಗುತ್ತಿತ್ತೋ ಯಾರೂ ತೂಗಿ ಇಟ್ಟಿಲ್ಲ. ನನ್ನ ಕೈ ಈಗ ಅವಳ ಕೈಯಷ್ಟೇ ಆಗಿದೆಯೋ, ಆ ಒಂದು ಗೆಣ್ಣು ಇನ್ನೂ ಕಡಿಮೆಯೋ, ಇಟ್ಟು ನೋಡಲು ಆ ಅಂಗೈ ಇಲ್ಲ. ಹತ್ತು ಹಿಡಿ ಹಾಕಿದ ಮೇಲೂ ಧೈರ್ಯ ಸಾಲದೆ ಇನ್ನೊಂದು ಹಾಕುತ್ತೇನೆ.

ಬೂಷ್ಟು ಯಾವ ವರ್ಷವೂ ಬಂದಿಲ್ಲ. ಉಪ್ಪು ಜಾಸ್ತಿಯಾಯಿತು ಎಂದು ಮನೆಯವರೆಲ್ಲ ಹೇಳುತ್ತಾರೆ. ಯಾರ ಕೈಲಿ ಹಾಕಿದೆ ಎಂದು ಕೇಳುವವರು ಮಾತ್ರ ಯಾರೂ ಇಲ್ಲ.